ಜಿಂಕ್ ಮಾತ್ರೆ ನುಂಗಿದರೆ ಕುಡಿತದ ಲಿವರ್ ಉಳಿಯುತ್ತದಾ?

ಎರಡು ಸುದ್ದಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದು ಹೇಳುತ್ತದೆ: ಕುಡಿದು ಲಿವರ್ ಕೆಟ್ಟವರ ಮೈಯಲ್ಲಿ ಜಿಂಕ್ ಕಡಿಮೆ ಇರುತ್ತದೆ. ಇಲಿಗಳಿಗೆ ಜಿಂಕ್ ಕೊಟ್ಟರೆ ಕರುಳು ಗಟ್ಟಿಯಾಗುತ್ತದೆ, ಕರುಳು ಗಟ್ಟಿಯಾದರೆ ಲಿವರ್‌ಗೆ ಬೀಳುವ ಪೆಟ್ಟು ತಗ್ಗುತ್ತದೆ. ಇನ್ನೊಂದು ಹೇಳುತ್ತದೆ: ಅಮೆರಿಕದಲ್ಲಿ ನಡೆದು 2024ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಜಿಂಕ್ ಸೇರಿದ್ದ ಚಿಕಿತ್ಸೆ ಪಡೆದವರಲ್ಲೇ ಸಾವು ಜಾಸ್ತಿ.

ಎರಡೂ ನಿಜ. ಹಾಗಾಗಿಯೇ ಗೊಂದಲ. ಇವುಗಳ ಮಧ್ಯೆ 'ಗಟ್ ಹೆಲ್ತ್' (ಕರುಳಿನ ಆರೋಗ್ಯ) ಎಂಬ ಮಾತು ಮೊಬೈಲಿನಲ್ಲಿ ದಿನಕ್ಕೆ ಹತ್ತು ಸಲ ಕಣ್ಣಿಗೆ ಬೀಳುತ್ತದೆ. ಮೆಡಿಕಲ್ ಶಾಪಿನ ಗಾಜಿನ ಹಿಂದೆ ಲಿವರ್ ಟಾನಿಕ್, ಮಲ್ಟಿವಿಟಮಿನ್, ಪ್ರೊಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾದ ಪುಡಿ) ಸಾಲಾಗಿ ನಿಂತಿರುತ್ತವೆ. ಮನೆಯಲ್ಲಿ ಕುಡಿಯುವವರು ಒಬ್ಬರಿದ್ದರೆ, ಅವರ ಹೆಂಡತಿಯೋ ಮಗನೋ ಆ ಸಾಲಿನಿಂದ ಒಂದನ್ನು ತಂದೇ ತರುತ್ತಾರೆ.

ಖನಿಜ, ಕರುಳು, ಲಿವರ್ ಈ ಮೂರಕ್ಕೂ ನಂಟು ಇರುವುದು ಖಂಡಿತ. ಆದರೆ ರಕ್ತದಲ್ಲಿ ಒಂದು ಖನಿಜ ಕಡಿಮೆ ಕಂಡಿತು ಎನ್ನುವುದೇ ಬೇರೆ, ಅದನ್ನು ಮಾತ್ರೆಯಲ್ಲಿ ತುಂಬಿದರೆ ರೋಗ ವಾಸಿಯಾಗುತ್ತದೆ ಎನ್ನುವುದೇ ಬೇರೆ. ಮೊದಲನೆಯದಕ್ಕೆ ಎಪ್ಪತ್ತು ವರ್ಷದ ಸಾಕ್ಷಿ ಇದೆ. ಎರಡನೆಯದಕ್ಕೆ ಈವರೆಗೆ ಗಟ್ಟಿ ಸಾಕ್ಷಿ ಇಲ್ಲ.

ಒಂದು ಕ್ವಾರ್ಟರಿನ ಲೆಕ್ಕ

ಮೊದಲು ಎಷ್ಟು ಕುಡಿದರೆ ಎಷ್ಟು ಎಂದು ನೋಡೋಣ. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿ, ರಮ್ಮಿನ ಮೇಲೆ ಸಾಮಾನ್ಯವಾಗಿ 42.8% ಎಂದು ಬರೆದಿರುತ್ತದೆ. 180 ಮಿ.ಲೀ.ಯ ಒಂದು ಕ್ವಾರ್ಟರಿನಲ್ಲಿ ಸುಮಾರು 77 ಮಿ.ಲೀ. ಶುದ್ಧ ಆಲ್ಕೋಹಾಲ್ ಇರುತ್ತದೆ. ಆಲ್ಕೋಹಾಲ್ ನೀರಿಗಿಂತ ಹಗುರ. ಹಾಗಾಗಿ ತೂಕದಲ್ಲಿ ಅದು ಸುಮಾರು 61 ಗ್ರಾಂ. ದಿನಕ್ಕೊಂದು ಕ್ವಾರ್ಟರ್ ಎಂದರೆ ವಾರಕ್ಕೆ 425 ಗ್ರಾಂ.

2023ರಲ್ಲಿ ಹಲವು ದೇಶಗಳ ಲಿವರ್ ತಜ್ಞರ ಸಂಘಗಳು ಸೇರಿ ಕೊಬ್ಬಿನ ಲಿವರ್ ಕಾಯಿಲೆಗಳಿಗೆ ಹೊಸ ಹೆಸರು, ಹೊಸ ಗಡಿ ಗೊತ್ತುಮಾಡಿದವು. ತೂಕ, ಸಕ್ಕರೆ ಅಥವಾ ಬಿಪಿ ಸಮಸ್ಯೆಯೂ ಇದ್ದು, ಗಂಡಸರು ವಾರಕ್ಕೆ 210ರಿಂದ 420 ಗ್ರಾಂ, ಹೆಂಗಸರು 140ರಿಂದ 350 ಗ್ರಾಂ ಆಲ್ಕೋಹಾಲ್ ಕುಡಿಯುತ್ತಿದ್ದರೆ ಅದು 'ಎರಡೂ ಸೇರಿದ' ಗುಂಪು. ಅದಕ್ಕಿಂತ ಮೇಲೆ ಹೋದರೆ ನೇರವಾಗಿ ಕುಡಿತದ ಲಿವರ್ ಕಾಯಿಲೆ. ಈಗ ನಮ್ಮ ಲೆಕ್ಕಕ್ಕೆ ಬನ್ನಿ. ದಿನಕ್ಕೊಂದು ನೈಂಟಿ ಹಾಕುವವರು ವಾರಕ್ಕೆ 213 ಗ್ರಾಂ ಮುಟ್ಟುತ್ತಾರೆ, ಅಂದರೆ ಕೆಳಗಿನ ಗಡಿ ದಾಟಿದರು. ಕ್ವಾರ್ಟರ್ ಮುಗಿಸುವವರು ಮೇಲಿನ ಗಡಿಯನ್ನೂ ದಾಟಿದರು. 'ನಾನೇನು ಜಾಸ್ತಿ ಕುಡಿಯಲ್ಲ, ದಿನಕ್ಕೊಂದೇ ಕ್ವಾರ್ಟರ್' ಎನ್ನುವ ಮಾತಿಗೆ ತೂಕದ ಲೆಕ್ಕದಲ್ಲಿ ಅರ್ಥ ಇದು.

ಹೀಗೆ ಕುಡಿಯುವವರಲ್ಲಿ ಹೆಚ್ಚೂಕಡಿಮೆ ಎಲ್ಲರ ಲಿವರಿನಲ್ಲೂ ಕೊಬ್ಬು ಕೂರುತ್ತದೆ. ಆದರೆ ಲಿವರ್ ಗಂಟುಗಂಟಾಗಿ ಕುಗ್ಗುವ ಸಿರೋಸಿಸ್ ಆಗುವುದು ಹತ್ತರಲ್ಲಿ ಒಬ್ಬಿಬ್ಬರಿಗೆ. ಬಾಟಲಿ ಒಂದೇ, ಲಿವರ್‌ಗಳ ಹಣೆಬರಹ ಮಾತ್ರ ಬೇರೆ ಬೇರೆ. ಯಾಕೆ? ವಂಶವಾಹಿ, ತೂಕ, ಹೆಣ್ಣೋ ಗಂಡೋ ಎಂಬುದು, ಹೊಟ್ಟೆಗೆ ಏನು ತಿನ್ನುತ್ತಾರೆ ಎಂಬುದು, ಹೀಗೆ ಕಾರಣ ಹಲವು. ಆ ಪಟ್ಟಿಯಲ್ಲಿ ವಿಜ್ಞಾನಿಗಳ ಕಣ್ಣು ಹೆಚ್ಚು ಬಿದ್ದಿರುವುದು ಕರುಳಿನ ಮೇಲೆ.

ಕರುಳಿನ ಗೋಡೆ ಸೋರುವುದು

ಲಿವರ್‌ಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಪೋರ್ಟಲ್ ರಕ್ತನಾಳದ ಮೂಲಕ ಬರುತ್ತದೆ. ಅಂದರೆ ಕರುಳಿನಲ್ಲಿ ಏನೇ ಒಳಗೆ ನುಸುಳಿದರೂ ಮೊದಲು ತಲುಪುವುದು ಲಿವರ್‌ಗೆ. ಕರುಳಿನ ಒಳಮೈಯಲ್ಲಿರುವುದು ಒಂದೇ ಸಾಲು ಕೋಶಗಳು. ಇಟ್ಟಿಗೆ ಗೋಡೆಯ ಹಾಗೆ ಎಂದುಕೊಳ್ಳಿ. ಇಟ್ಟಿಗೆ ಇಟ್ಟಿಗೆಯ ನಡುವೆ ಪ್ರೋಟೀನಿನ ಗಾರೆ ಇದೆ. ಅದು ಆಹಾರದ ಸಾರವನ್ನು ಒಳಗೆ ಬಿಡುತ್ತದೆ, ಬ್ಯಾಕ್ಟೀರಿಯಾ ಮತ್ತು ಅವುಗಳ ನಂಜನ್ನು ಆಚೆಯೇ ತಡೆಯುತ್ತದೆ.

ಕುಡಿದ ಆಲ್ಕೋಹಾಲ್ ಒಡೆದು ಅಸಿಟಾಲ್ಡಿಹೈಡ್ ಆಗುತ್ತದೆ. ಇದು ಆ ಗಾರೆಯನ್ನು ಸಡಿಲ ಮಾಡುತ್ತದೆ. ಸಂದಿ ಬಿದ್ದ ಕಡೆ ಬ್ಯಾಕ್ಟೀರಿಯಾದ ಹೊರಕವಚದ ಚೂರುಗಳು ರಕ್ತಕ್ಕೆ ಇಳಿಯುತ್ತವೆ. ಲಿವರಿನಲ್ಲಿ ಕಾವಲಿಗೆ ಕೂತಿರುವ ಕುಪ್ಫರ್ ಕೋಶಗಳು ಇದನ್ನು ಕಂಡು, ಸೋಂಕೇ ಬಂತು ಎಂದು ಕೂಗು ಹಾಕುತ್ತವೆ. ಉರಿಯೂತ ಶುರು. ದಿನಾ ಕುಡಿದರೆ ದಿನಾ ಕೂಗು. ವರ್ಷಗಟ್ಟಲೆ ಉರಿದ ಜಾಗದಲ್ಲಿ ಗಾಯ ಮಾಯ್ದು ಕಲೆ ಕೂರುತ್ತದೆ. ಆ ಕಲೆಗಳೇ ಕೂಡಿ ಮುಂದೆ ಸಿರೋಸಿಸ್.

ಇದು ಸುಮ್ನೆ ಊಹೆಯಲ್ಲ. ಹೆಚ್ಚು ಕುಡಿಯುವವರ ಕರುಳು ಸೋರುತ್ತದೆ, ಕೆಲವರಲ್ಲಿ ಕುಡಿತ ಬಿಟ್ಟ ಮೇಲೂ ಎರಡು ವಾರದವರೆಗೆ ಸೋರುತ್ತಿರುತ್ತದೆ ಎಂದು 1984ರಲ್ಲೇ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿಯಾಗಿತ್ತು. 1994ರಲ್ಲಿ ಇಲಿಗಳ ಮೇಲೆ ಇನ್ನೊಂದು ಪ್ರಯೋಗ ನಡೆಯಿತು. ಕುಪ್ಫರ್ ಕೋಶಗಳನ್ನು ಮೊದಲೇ ನಿಷ್ಕ್ರಿಯ ಮಾಡಿ ಆಮೇಲೆ ಆಲ್ಕೋಹಾಲ್ ಕೊಟ್ಟರು. ಲಿವರ್‌ಗೆ ಅಷ್ಟಾಗಿ ಹಾನಿ ಆಗಲಿಲ್ಲ. ಆಲ್ಕೋಹಾಲ್ ತಾನೇ ಸುಡುವುದು ಒಂದು ಪಾಲು, ಕರುಳಿನಿಂದ ಬರುವ ನಂಜು ಸುಡಿಸುವುದು ಇನ್ನೊಂದು ಪಾಲು ಎಂಬುದು ಆಗ ಸ್ಪಷ್ಟವಾಯಿತು.

ಜಿಂಕ್ ಹೋಗುವುದೆಲ್ಲಿಗೆ

ಈ ಕಥೆಗೆ ಜಿಂಕ್ ಬಂದದ್ದು ಇನ್ನೂ ಹಿಂದೆ. 1956ರಲ್ಲಿ ಬಾಸ್ಟನ್‌ನ ಬರ್ಟ್ ವ್ಯಾಲೀ ಮತ್ತು ಅವರ ಜೊತೆಗಾರರು, ಕುಡಿತದಿಂದ ಸಿರೋಸಿಸ್ ಆದವರ ರಕ್ತದಲ್ಲಿ ಜಿಂಕ್ ಕಡಿಮೆ, ಮೂತ್ರದಲ್ಲಿ ಜಾಸ್ತಿ ಎಂದು ತೋರಿಸಿದರು. ಮೈಯಿಂದ ಜಿಂಕ್ ಸೋರಿ ಹೋಗುತ್ತಿತ್ತು. ಇದರಲ್ಲೊಂದು ತಮಾಷೆ ಇದೆ. ಲಿವರಿನಲ್ಲಿ ಆಲ್ಕೋಹಾಲನ್ನು ಒಡೆಯುವ ಕಿಣ್ವ ಕೆಲಸ ಮಾಡಲಿಕ್ಕೇ ಜಿಂಕ್ ಬೇಕು. ಕುಡಿತ ತನ್ನನ್ನು ಒಡೆಯುವ ಆಯುಧವನ್ನೇ ಮೊಂಡು ಮಾಡುತ್ತದೆ, ಅಲ್ವಾ?

ಕರುಳಿನ ಗಾರೆ ಗಟ್ಟಿಯಾಗಿರಲೂ ಜಿಂಕ್ ಬೇಕು. ಸಣ್ಣ ಕರುಳಿನ ಒಳಮೈಯ ಪುಟ್ಟ ಕುಳಿಗಳ ತಳದಲ್ಲಿ ಪ್ಯಾನೆತ್ ಎಂಬ ಕೋಶಗಳಿವೆ. ಇವು ಬ್ಯಾಕ್ಟೀರಿಯಾ ಕೊಲ್ಲುವ ಪ್ರೋಟೀನುಗಳನ್ನು ಸುರಿಸುತ್ತವೆ, ಇವುಗಳ ತುಂಬ ಜಿಂಕ್ ಇರುತ್ತದೆ. ಜಿಂಕ್ ಕೊರತೆ ಇರುವ ಇಲಿಗಳಿಗೆ ಆಲ್ಕೋಹಾಲ್ ಕೊಟ್ಟಾಗ ಕರುಳು ಇನ್ನಷ್ಟು ಸೋರಿತು. ಜಿಂಕ್ ಕೊಟ್ಟಾಗ ಸೋರುವುದು ತಗ್ಗಿತು. ಇಲ್ಲಿಯವರೆಗೆ ಎಲ್ಲ ಒಂದೇ ದಾರದಲ್ಲಿ ಪೋಣಿಸಿದ ಹಾಗೆ ಕಾಣುತ್ತದೆ.

ಒಂದು ತೊಡಕಿದೆ. ಪರೀಕ್ಷೆಯ ವರದಿಯಲ್ಲಿ 'ಜಿಂಕ್ ಕಡಿಮೆ' ಎಂದು ಬಂದರೆ ಅದಕ್ಕೆ ಒಂದೇ ಕಾರಣ ಇರುವುದಿಲ್ಲ. ಊಟ ಬಿಟ್ಟು ಕುಡಿದದ್ದು ಒಂದು. ಕರುಳು ಸರಿಯಾಗಿ ಹೀರದಿರುವುದು ಇನ್ನೊಂದು. ಮೂತ್ರದಲ್ಲಿ ಹೋಗುವುದು ಮತ್ತೊಂದು. ಇದಲ್ಲದೆ, ರಕ್ತದಲ್ಲಿ ಜಿಂಕನ್ನು ಹೊತ್ತು ತಿರುಗುವುದು ಬಹುಪಾಲು ಆಲ್ಬುಮಿನ್ ಎಂಬ ಪ್ರೋಟೀನು. ಅದನ್ನು ತಯಾರಿಸುವುದು ಲಿವರ್. ಲಿವರ್ ಸೋತರೆ ಆಲ್ಬುಮಿನ್ ಇಳಿಯುತ್ತದೆ, ಅದರ ಜೊತೆಗೆ ಜಿಂಕಿನ ಅಂಕಿಯೂ ಇಳಿಯುತ್ತದೆ. ಮೈಯಲ್ಲಿ ಉರಿಯೂತ ಜೋರಾಗಿದ್ದಾಗಲೂ ರಕ್ತದ ಜಿಂಕ್ ಬೇರೆ ಕಡೆ ಸರಿದುಬಿಡುತ್ತದೆ. ಅಂದರೆ ಕಡಿಮೆ ಜಿಂಕ್ ಒಮ್ಮೊಮ್ಮೆ ರೋಗದ ಕಾರಣ, ಒಮ್ಮೊಮ್ಮೆ ರೋಗ ಎಷ್ಟು ಮುಂದುವರಿದಿದೆ ಎಂಬುದರ ಗುರುತು. ಗುರುತನ್ನು ಸರಿಮಾಡಿದರೆ ರೋಗ ಸರಿಯಾಗುವುದಿಲ್ಲ.

ಇಲಿಯಲ್ಲಿ ಗೆದ್ದದ್ದು, ವಾರ್ಡಿನಲ್ಲಿ ಸೋತದ್ದು

ಈಗ ಆ 2024ರ ಪರೀಕ್ಷೆಗೆ ಬರೋಣ. ಅದರಲ್ಲಿ ಇದ್ದವರು ತೀವ್ರ ಆಲ್ಕೋಹಾಲ್ ಹೆಪಟೈಟಿಸ್, ಅಂದರೆ ಕುಡಿತದಿಂದ ಲಿವರಿನಲ್ಲಿ ಜೋರು ಉರಿಯೂತ, ಆಗಿ ಆಸ್ಪತ್ರೆ ಸೇರಿದವರು. ಕಣ್ಣು ಹಳದಿ, ಹೊಟ್ಟೆ ಉಬ್ಬರ, ಜ್ವರ. ಕೆಲವೇ ತಿಂಗಳಲ್ಲಿ ಜೀವಕ್ಕೆ ಕುತ್ತು ತರುವ ಸ್ಥಿತಿ ಇದು. ಇದಕ್ಕೆ ದಶಕಗಳಿಂದ ಕೊಡುತ್ತಿರುವುದು ಸ್ಟೆರಾಯ್ಡ್. ಅದೂ ಎಲ್ಲರಿಗೂ ಕೆಲಸ ಮಾಡುವುದಿಲ್ಲ. ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲೂ ಸ್ಟೆರಾಯ್ಡಿನ ಲಾಭ ಗಡಿಯಲ್ಲೇ ನಿಂತಿತು. ಹಾಗಾಗಿ ಹೊಸ ದಾರಿ ಹುಡುಕಬೇಕಿತ್ತು.

ಆ ದಾರಿ ಹೀಗಿತ್ತು: ಉರಿಯೂತ ತಗ್ಗಿಸಲು ಅನಾಕಿನ್ರಾ ಎಂಬ ಚುಚ್ಚುಮದ್ದು, ಕರುಳು ಮುಚ್ಚಲು ಜಿಂಕ್. ಇನ್ನೊಂದು ಗುಂಪಿಗೆ ಹಳೇ ಸ್ಟೆರಾಯ್ಡ್ ಪ್ರೆಡ್ನಿಸೋನ್. ಒಟ್ಟು 147 ಜನ. ಮಧ್ಯದಲ್ಲಿ ಲೆಕ್ಕ ನೋಡಿದಾಗ ವ್ಯತ್ಯಾಸ ಎದ್ದು ಕಂಡಿತು, ಪರೀಕ್ಷೆಯನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. 90 ದಿನದ ಹೊತ್ತಿಗೆ ಸ್ಟೆರಾಯ್ಡ್ ಗುಂಪಿನಲ್ಲಿ 90% ಬದುಕಿದ್ದರು, ಜಿಂಕ್ ಮತ್ತು ಅನಾಕಿನ್ರಾ ಗುಂಪಿನಲ್ಲಿ 70%. ಕಿಡ್ನಿ ತೊಂದರೆಯೂ ಈ ಗುಂಪಿನಲ್ಲೇ ಜಾಸ್ತಿ. ಇದಕ್ಕೆ ಮೊದಲು, 2022ರಲ್ಲಿ ಪ್ರಕಟವಾದ ಇಂಥದೇ ಪರೀಕ್ಷೆಯಲ್ಲಿ ಅನಾಕಿನ್ರಾ, ಪೆಂಟಾಕ್ಸಿಫಿಲಿನ್, ಜಿಂಕ್ ಮೂರನ್ನೂ ಸೇರಿಸಿ ಕೊಟ್ಟಿದ್ದರು. ಆಗ 180 ದಿನದ ಲೆಕ್ಕದಲ್ಲಿ ಸ್ಟೆರಾಯ್ಡಿಗಿಂತ ಖಚಿತವಾಗಿ ಮೇಲು ಎನ್ನುವಂಥ ಫಲ ಸಿಗಲಿಲ್ಲ.

ಹಾಗಾದರೆ ಜಿಂಕ್ ಕೊಂದಿತು ಎನ್ನಬಹುದಾ? ಹಾಗೆ ಹೇಳಲು ಬರುವುದಿಲ್ಲ. ಜಿಂಕ್ ಒಂದನ್ನೇ ಕೊಟ್ಟ ಗುಂಪು ಅಲ್ಲಿರಲಿಲ್ಲ. ಆ ಗುಂಪಿನವರಿಗೆ ಸ್ಟೆರಾಯ್ಡ್ ಸಿಗಲಿಲ್ಲ ಎಂಬುದೂ ಒಂದು ಕಾರಣ ಇರಬಹುದು. ಆದರೆ 'ಕರುಳಿನ ಸೋರಿಕೆಗೆ ಜಿಂಕ್ ಮುಚ್ಚಳ ಹಾಕಿದರೆ ಸಾಯುವವರು ಉಳಿಯುತ್ತಾರೆ' ಎಂಬ ಆಸೆಗೆ ಇದು ತಣ್ಣೀರು ಎರಚಿತು.

ಜಿಂಕಿನ ಪರ ಇರುವವರ ವಾದವನ್ನೂ ಕೇಳಬೇಕು. ಮನೆಗೆ ಬೆಂಕಿ ಬಿದ್ದ ಮೇಲೆ ಗೋಡೆಗೆ ಗಾರೆ ಮೆತ್ತಿ ಪ್ರಯೋಜನವಿಲ್ಲ, ಇನ್ನೂ ಮೊದಲಿನ ಹಂತದಲ್ಲಿ ತಿಂಗಳುಗಟ್ಟಲೆ ಕೊಟ್ಟು ನೋಡಬೇಕು ಎನ್ನುತ್ತಾರೆ ಅವರು. ಲಿವರ್ ಸೋತು ಮಂಪರು, ಗೊಂದಲ ಬರುವ ರೋಗಿಗಳಲ್ಲಿ ಜಿಂಕ್ ನೆರವಾಗಬಹುದು ಎನ್ನುವ ಸಣ್ಣ ಪರೀಕ್ಷೆಗಳೂ ಇವೆ, ಫಲ ಮಾತ್ರ ಮಿಶ್ರ. ಯುರೋಪಿನ ಪೋಷಣಾ ಮಾರ್ಗಸೂಚಿ ಮಧ್ಯದ ದಾರಿ ಹಿಡಿದಿದೆ: ಕೊರತೆ ಖಚಿತವಾದರೆ ಅಥವಾ ಲಕ್ಷಣ ನೋಡಿ ಅನುಮಾನ ಬಂದರೆ ಕೊಡಿ. ಎಲ್ಲರಿಗೂ ಕಣ್ಣುಮುಚ್ಚಿ ಕೊಡಿ ಎಂದು ಅದು ಹೇಳುವುದಿಲ್ಲ.

ಪ್ರಮಾಣದ ಮಾತೂ ಮುಖ್ಯ. ಭಾರತದಲ್ಲಿ ಗಂಡಸರಿಗೆ ದಿನಕ್ಕೆ 17 ಮಿ.ಗ್ರಾಂ, ಹೆಂಗಸರಿಗೆ 13.2 ಮಿ.ಗ್ರಾಂ ಜಿಂಕ್ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದೆ. ಈ ಪರೀಕ್ಷೆಗಳಲ್ಲಿ ಕೊಟ್ಟ 220 ಮಿ.ಗ್ರಾಂ ಜಿಂಕ್ ಸಲ್ಫೇಟಿನಲ್ಲಿ ಜಿಂಕ್ ಇರುವುದು 50 ಮಿ.ಗ್ರಾಂ. ಇಷ್ಟನ್ನು ತಿಂಗಳುಗಟ್ಟಲೆ ನುಂಗಿದರೆ ಕರುಳು ತಾಮ್ರ ಹೀರುವುದನ್ನು ತಗ್ಗಿಸುತ್ತದೆ. ತಾಮ್ರ ಕಡಿಮೆಯಾದರೆ ರಕ್ತಹೀನತೆ, ನರದ ತೊಂದರೆ. ತಾಮ್ರ ಮಿತಿಮೀರಿ ತುಂಬುವ ವಿಲ್ಸನ್ ಕಾಯಿಲೆಗೆ ಜಿಂಕನ್ನು ಔಷಧವಾಗಿ ಕೊಡುವುದೇ ಈ ಗುಣಕ್ಕಾಗಿ.

ಕೆಲವು ಖಾಲಿ, ಕೆಲವು ತುಂಬಿ ತುಳುಕುತ್ತವೆ

'ಖನಿಜ ಕೊರತೆ' ಎಂದು ಎಲ್ಲವನ್ನೂ ಒಂದೇ ಗಂಟು ಕಟ್ಟುವುದು ಇಲ್ಲಿನ ದೊಡ್ಡ ತಪ್ಪು. ಕುಡಿತದ ಲಿವರಿನಲ್ಲಿ ಕೆಲವು ಖನಿಜ ಖಾಲಿಯಾಗುತ್ತವೆ, ಕೆಲವು ಬೇಡವೆಂದರೂ ಕೂಡಿಕೊಳ್ಳುತ್ತವೆ.

ಮೆಗ್ನೀಸಿಯಂ ಖಾಲಿಯಾಗುವ ಗುಂಪಿನದು. ಆಲ್ಕೋಹಾಲ್ ಅದನ್ನು ಮೂತ್ರದಲ್ಲಿ ಹೊರಹಾಕಿಸುತ್ತದೆ. ಹೊಟ್ಟೆಯ ನೀರು ಇಳಿಸಲು ಕೊಡುವ ಕೆಲವು ಮೂತ್ರದ ಮಾತ್ರೆಗಳು ಇನ್ನಷ್ಟು ಹೊರಹಾಕಿಸುತ್ತವೆ. ಮೆಗ್ನೀಸಿಯಂ ಇಳಿದರೆ ಪೊಟ್ಯಾಸಿಯಂ ನಿಲ್ಲುವುದಿಲ್ಲ, ಎಷ್ಟು ಪೊಟ್ಯಾಸಿಯಂ ಕೊಟ್ಟರೂ ಏರುವುದಿಲ್ಲ. ಪೊಟ್ಯಾಸಿಯಂ ಇಳಿದರೆ ಕಿಡ್ನಿ ಹೆಚ್ಚು ಅಮೋನಿಯಾ ತಯಾರಿಸುತ್ತದೆ. ಅಮೋನಿಯಾ ಏರಿದರೆ ಮಂಪರು. ಮನೆಯವರ ಕಣ್ಣಿಗೆ ಬೀಳುವುದು ಕೊನೆಯ ಕೊಂಡಿ ಮಾತ್ರ: 'ನಿನ್ನೆಯಿಂದ ಏನೇನೋ ಮಾತಾಡ್ತಿದಾರೆ, ಹಗಲೆಲ್ಲ ನಿದ್ದೆ.' ಮೊದಲ ಕೊಂಡಿ ಒಂದು ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಸಿಕ್ಕುತ್ತಿತ್ತು.

ಕಬ್ಬಿಣದ್ದು ಉಲ್ಟಾ ಕಥೆ. ಕರುಳು ಎಷ್ಟು ಕಬ್ಬಿಣ ಒಳಗೆ ಬಿಡಬೇಕು ಎಂದು ಲೆಕ್ಕ ಇಡುವ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಲಿವರ್ ತಯಾರಿಸುತ್ತದೆ. ಆಲ್ಕೋಹಾಲ್ ಇದನ್ನು ಕುಗ್ಗಿಸುತ್ತದೆ. ಗೇಟು ತೆರೆದೇ ಉಳಿಯುತ್ತದೆ, ಕಬ್ಬಿಣ ಬಂದು ಲಿವರಿನಲ್ಲಿ ಕೂರುತ್ತದೆ. ಕಬ್ಬಿಣವೂ ಆಲ್ಕೋಹಾಲೂ ಸೇರಿದರೆ ಲಿವರ್ ಕೋಶಗಳು ಬೇಗ ಹಾಳಾಗುತ್ತವೆ. ದಕ್ಷಿಣ ಆಫ್ರಿಕಾದ ಹಳ್ಳಿಗಳಲ್ಲಿ ಕಬ್ಬಿಣದ ಡ್ರಮ್ಮು, ಮಡಕೆಗಳಲ್ಲಿ ಮನೆ ಬಿಯರ್ ಹುಳಿ ಬರಿಸುತ್ತಿದ್ದರು. ಹುಳಿಗೆ ಕಬ್ಬಿಣ ಕರಗಿ ಬಿಯರಿಗೆ ಇಳಿಯುತ್ತಿತ್ತು, ಕುಡಿದವರ ಲಿವರಿನಲ್ಲಿ ರಾಶಿ ಬೀಳುತ್ತಿತ್ತು. ಹಾಗಿದ್ದೂ ರಕ್ತವಾಂತಿ ಆಗಿ ರಕ್ತ ಕಳೆದುಕೊಂಡ ಸಿರೋಸಿಸ್ ರೋಗಿಗೆ ಕಬ್ಬಿಣದ ಕೊರತೆ ಇರಬಹುದು. ಅಂದರೆ ಒಂದೇ ಕಾಯಿಲೆಯ ಇಬ್ಬರು ರೋಗಿಗಳಲ್ಲಿ ಒಬ್ಬರಿಗೆ ಕಬ್ಬಿಣ ಮದ್ದು, ಇನ್ನೊಬ್ಬರಿಗೆ ವಿಷ. 'ಮುಖ ಬಿಳಿಚಿಕೊಂಡಿದೆ, ಒಂದು ಐರನ್ ಟಾನಿಕ್ ಕೊಡಿ' ಎಂದು ಅಂಗಡಿಯಲ್ಲಿ ಕೇಳುವುದು ಅದಕ್ಕೇ ಸರಿಯಲ್ಲ.

ಮ್ಯಾಂಗನೀಸ್ ಕೂಡ ಕೂಡಿಕೊಳ್ಳುವ ಜಾತಿಯದೇ. ಅದು ಹೊರಹೋಗುವುದು ಪಿತ್ತರಸದ ಮೂಲಕ. ಲಿವರ್ ಸೋತರೆ ಹೊರಹೋಗದೆ ಮಿದುಳಿನಲ್ಲಿ ಕೂರುತ್ತದೆ, ಎಂಆರ್‌ಐ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಎಷ್ಟೋ ಮಲ್ಟಿಮಿನರಲ್ ಮಾತ್ರೆಗಳ ಹಿಂದಿನ ಸಣ್ಣಕ್ಷರದ ಪಟ್ಟಿಯಲ್ಲಿ ಜಿಂಕ್ ಪಕ್ಕದಲ್ಲೇ ಮ್ಯಾಂಗನೀಸ್, ಅದರ ಪಕ್ಕ ಕಬ್ಬಿಣ ಇರುತ್ತವೆ. ಬೇಕಾದ್ದು, ಬೇಡದ್ದು ಎರಡೂ ಒಂದೇ ಗುಳಿಗೆಯಲ್ಲಿ!

ಪಾತ್ರೆಯಿಂದ ಬರುವ ಖನಿಜ ಲಿವರನ್ನು ಕೆಡಿಸಿದ ಉದಾಹರಣೆ ನಮ್ಮ ದೇಶದಲ್ಲೇ ಇದೆ, ಅದರಲ್ಲಿ ಕುಡಿತದ ಪಾತ್ರ ಇರಲಿಲ್ಲ. ಎಳೆಮಕ್ಕಳ ಲಿವರ್ ಕುಗ್ಗಿಸಿ ಸಾಯಿಸುತ್ತಿದ್ದ 'ಇಂಡಿಯನ್ ಚೈಲ್ಡ್‌ಹುಡ್ ಸಿರೋಸಿಸ್' ಎಂಬ ಕಾಯಿಲೆ ಇತ್ತು. ಆ ಮಕ್ಕಳ ಲಿವರಿನಲ್ಲಿ ತಾಮ್ರ ತುಂಬಿರುತ್ತಿತ್ತು. ಹಿತ್ತಾಳೆ ಪಾತ್ರೆಯಲ್ಲಿ ಕಾಯಿಸಿ ಇಟ್ಟ ಹಾಲಿಗೂ ಇದಕ್ಕೂ ನಂಟಿದೆ ಎಂದು 1980ರ ದಶಕದಲ್ಲಿ ಪುಣೆಯ ಅಧ್ಯಯನಗಳು ತೋರಿಸಿದವು. ಹಿತ್ತಾಳೆಗೆ ಒಳಗಡೆ ಕಲಾಯಿ ಇದ್ದರೆ ತಾಮ್ರ ಹಾಲಿಗೆ ಬಿಡುವುದಿಲ್ಲ, ಕಲಾಯಿ ಸವೆದರೆ ಬಿಡುತ್ತದೆ. ಸ್ಟೀಲ್ ಪಾತ್ರೆ ಬಂದ ಮೇಲೆ ಈ ಕಾಯಿಲೆ ಹೆಚ್ಚೂಕಡಿಮೆ ಮಾಯವಾಯಿತು. ಕಲಾಯಿಯವನ ಕೂಗಿಗೆ ಕಾಯುತ್ತಿದ್ದ ಅಜ್ಜಿಯರಿಗೆ ಈ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಕಲಾಯಿ ಹೋದರೆ ಪದಾರ್ಥ ಕಿಲುಬುತ್ತದೆ ಎಂಬುದು ಗೊತ್ತಿತ್ತು.

ಬ್ಯಾಕ್ಟೀರಿಯಾಗಳನ್ನೇ ಕೊಂದರೆ?

ಕರುಳಿನ ಗೋಡೆಯನ್ನು ಮುಚ್ಚಲಾಗದಿದ್ದರೆ, ಆಚೆ ಇರುವ ಬ್ಯಾಕ್ಟೀರಿಯಾಗಳನ್ನೇ ನೋಡಿಕೊಳ್ಳೋಣ ಎಂಬುದು ಇನ್ನೊಂದು ಪಂಗಡದ ವಾದ. ಇದಕ್ಕೆ ಬಲ ಬಂದದ್ದು 2019ರಲ್ಲಿ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದ ಬರ್ನ್ಡ್ ಶ್ನಾಬ್ಲ್ ತಂಡ 'ನೇಚರ್' ಪತ್ರಿಕೆಯಲ್ಲಿ ಒಂದು ಬ್ಯಾಕ್ಟೀರಿಯಾದ ಕಡೆ ಬೆರಳು ತೋರಿಸಿತು. ಎಂಟೆರೊಕಾಕಸ್ ಫೀಕಾಲಿಸ್ ಅದರ ಹೆಸರು. ಅದರ ಕೆಲವು ತಳಿಗಳು ಸೈಟೋಲೈಸಿನ್ ಎಂಬ ವಿಷ ಉಗುಳುತ್ತವೆ. ಆಲ್ಕೋಹಾಲ್ ಹೆಪಟೈಟಿಸ್ ಆದವರಲ್ಲಿ ಈ ವಿಷದ ತಳಿ ಇದ್ದವರ ಪೈಕಿ 180 ದಿನದೊಳಗೆ 89% ಸತ್ತರು, ಇಲ್ಲದವರ ಪೈಕಿ 3.8%. ಒಂದೇ ಬ್ಯಾಕ್ಟೀರಿಯಾದ ವಿಷದ ತಳಿ ಇದ್ದವರಿಗೂ ಇಲ್ಲದವರಿಗೂ ಇಷ್ಟು ಅಂತರ!

ಹಾಗಿದ್ದರೆ ಆಂಟಿಬಯಾಟಿಕ್ ಕೊಟ್ಟರೆ ಆಯ್ತಲ್ಲ? ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲಿ 292 ರೋಗಿಗಳಲ್ಲಿ ಸುಮಾರು ಅರ್ಧ ಜನರಿಗೆ ಸ್ಟೆರಾಯ್ಡಿನ ಜೊತೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಎಂಬ ಆಂಟಿಬಯಾಟಿಕ್ ಕೊಟ್ಟು ನೋಡಿದರು. 2023ರ ವರದಿ: ಎರಡು ತಿಂಗಳ ಲೆಕ್ಕದಲ್ಲಿ ಜೀವ ಉಳಿಸಲು ಅದು ನೆರವಾಗಲಿಲ್ಲ. ಅದೇ ವರ್ಷ ಡೆನ್ಮಾರ್ಕಿನಲ್ಲಿ, ಕರುಳಿನಲ್ಲೇ ಉಳಿದು ಕೆಲಸ ಮಾಡುವ ರಿಫಾಕ್ಸಿಮಿನ್ ಅನ್ನು ಒಂದೂವರೆ ವರ್ಷ ಕೊಟ್ಟ ಪರೀಕ್ಷೆಯೂ ತಾನು ಇಟ್ಟುಕೊಂಡ ಮುಖ್ಯ ಗುರಿ ಮುಟ್ಟಲಿಲ್ಲ. ಮಂಪರು ಮರುಕಳಿಸದಂತೆ ತಡೆಯಲು ರಿಫಾಕ್ಸಿಮಿನ್‌ಗೆ ಒಳ್ಳೆಯ ಸಾಕ್ಷಿ ಇದೆ, ಅದು ಬೇರೆ ವಿಷಯ. ಕರುಳಿನಲ್ಲಿ ಬೇಕಾದ ಬ್ಯಾಕ್ಟೀರಿಯಾವೂ ಇರುತ್ತವೆ. ಕಳೆ ಕೀಳಲು ಹೋಗಿ ಹೊಲಕ್ಕೇ ಬೆಂಕಿ ಇಟ್ಟರೆ ಪೈರು ಉಳಿಯುವುದಿಲ್ಲ.

ಹಾಗಾಗಿ ಮಲ ಕಸಿ. ಆರೋಗ್ಯವಂತರ ಮಲದಲ್ಲಿರುವ ಬ್ಯಾಕ್ಟೀರಿಯಾವನ್ನು ಸಂಸ್ಕರಿಸಿ ರೋಗಿಯ ಕರುಳಿಗೆ ಬಿಡುವುದು. ಕೇಳಿದರೆ ಮುಖ ಕಿವುಚುವಂಥ ಈ ಚಿಕಿತ್ಸೆಯಲ್ಲಿ ಭಾರತ ಮುಂದಿದೆ. ದೆಹಲಿಯ ಐಎಲ್‌ಬಿಎಸ್ ಎಂಬ ಲಿವರ್ ಆಸ್ಪತ್ರೆಯಲ್ಲಿ ಸ್ಟೆರಾಯ್ಡ್ ಕೊಡಲಾಗದಿದ್ದ 8 ರೋಗಿಗಳಿಗೆ ಇದನ್ನು ಮಾಡಿದಾಗ ವರ್ಷದ ಕೊನೆಗೆ 7 ಜನ ಬದುಕಿದ್ದರು ಎಂದು 2017ರಲ್ಲಿ ವರದಿಯಾಯಿತು. ಆಮೇಲೆ ಅಲ್ಲೇ 120 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ನೋಡಿದರು. 90 ದಿನದ ಹೊತ್ತಿಗೆ ಮಲ ಕಸಿ ಗುಂಪಿನಲ್ಲಿ 75%, ಸ್ಟೆರಾಯ್ಡ್ ಗುಂಪಿನಲ್ಲಿ ಸುಮಾರು 57% ಬದುಕಿದ್ದರು.

ಇಲ್ಲಿ ಸ್ವಲ್ಪ ನಿಲ್ಲಿ. ಅಮೆರಿಕದ ಪರೀಕ್ಷೆಯಲ್ಲಿ ಸ್ಟೆರಾಯ್ಡ್ ಪಡೆದವರು 90% ಬದುಕಿದ್ದರು, ದೆಹಲಿಯಲ್ಲಿ 57%. ಔಷಧದ ಜಾತಿ ಒಂದೇ, ಕಾಯಿಲೆಯ ಹೆಸರೂ ಒಂದೇ. ಬಂದು ಸೇರಿದವರು ಎಷ್ಟು ಸೊರಗಿದ್ದರು, ಎಷ್ಟು ತಡವಾಗಿ ಬಂದರು, ಏನು ತಿಂದುಕೊಂಡಿದ್ದರು ಎಂಬುದರ ಮೇಲೆ ಫಲ ಹೀಗೆ ಬದಲಾಗುತ್ತದೆ. 'ಅಲ್ಲಿ ಹೀಗಾಯ್ತು, ಇಲ್ಲೂ ಹಾಗೇ ಆಗುತ್ತೆ' ಎಂದು ಅಂಕಿಗಳನ್ನು ಎತ್ತಿ ತರುವ ಮೊದಲು ಇದು ನೆನಪಿರಬೇಕು. ಮಲ ಕಸಿಗೂ ಅಪಾಯ ಇದೆ. ದಾನಿಯ ಮಲದಲ್ಲಿದ್ದ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾದಿಂದ ರೋಗಿಯೊಬ್ಬರು ಸತ್ತ ಮೇಲೆ 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿತು.

ಬೆಳಗಿನ ಗ್ಯಾಸ್ ಮಾತ್ರೆ

ಖನಿಜ ಮತ್ತು ಕರುಳು ಎರಡೂ ಒಂದೇ ಕಡೆ ಕೂಡುವ ಜಾಗ ಯಾವುದು ಗೊತ್ತಾ? ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ ಗ್ಯಾಸ್ ಮಾತ್ರೆ. ರಾತ್ರಿ ಕುಡಿದದ್ದಕ್ಕೆ ಬೆಳಿಗ್ಗೆ ಎದೆ ಉರಿ, ಅದಕ್ಕೊಂದು ಪ್ಯಾಂಟೊಪ್ರಜೋಲ್. ವರ್ಷಗಟ್ಟಲೆ ಇದನ್ನು ಚೀಟಿ ಇಲ್ಲದೆ ಕೊಂಡು ನುಂಗುವವರು ಕಡಿಮೆಯಿಲ್ಲ.

ಹೊಟ್ಟೆಯ ಆಮ್ಲಕ್ಕೆ ಒಂದು ಕೆಲಸವಿದೆ. ಬಾಯಿಯಿಂದ ಇಳಿಯುವ ಬ್ಯಾಕ್ಟೀರಿಯಾವನ್ನು ಅಲ್ಲೇ ಸುಡುತ್ತದೆ. ಆಮ್ಲ ನಿಂತರೆ ಮೇಲೆ ಹೇಳಿದ ಎಂಟೆರೊಕಾಕಸ್ ಕುಟುಂಬ ಕರುಳಿನಲ್ಲಿ ಹೆಚ್ಚುತ್ತದೆ, ಕುಡಿತದ ಲಿವರ್ ಕಾಯಿಲೆ ಜೋರಾಗುತ್ತದೆ ಎಂದು 2017ರಲ್ಲಿ ಇದೇ ಶ್ನಾಬ್ಲ್ ತಂಡ ಇಲಿಗಳಲ್ಲಿ ತೋರಿಸಿತು. ಈ ಮಾತ್ರೆಯನ್ನು ಬಹಳ ಕಾಲ ತಗೊಂಡರೆ ಮೆಗ್ನೀಸಿಯಂ ಇಳಿಯಬಹುದು ಎಂದು ಎಫ್‌ಡಿಎ 2011ರಲ್ಲೇ ಎಚ್ಚರಿಸಿತ್ತು. ಅಂದರೆ ಜಿಂಕ್ ಸೇರಿಸಬೇಕಾ ಎಂದು ತಲೆ ಕೆಡಿಸಿಕೊಳ್ಳುವ ಮೊದಲು, ಈಗಾಗಲೇ ನುಂಗುತ್ತಿರುವುದರಲ್ಲಿ ಯಾವುದು ಬೇಡ ಎಂದು ಕೇಳಬೇಕು. ಹುಣ್ಣಿಗೋ, ಅನ್ನನಾಳದ ರಕ್ತನಾಳಕ್ಕೆ ಬ್ಯಾಂಡ್ ಹಾಕಿದ್ದಕ್ಕೋ ವೈದ್ಯರು ಬರೆದಿದ್ದರೆ ತಾವಾಗಿ ನಿಲ್ಲಿಸುವಂತಿಲ್ಲ. ಯಾಕಾಗಿ, ಎಷ್ಟು ದಿನ ಎಂದು ಕೇಳುವುದಕ್ಕೆ ಅಡ್ಡಿಯಿಲ್ಲ.

ಪಥ್ಯ ಎಂಬ ಉಪವಾಸ

ಈ ಎಲ್ಲ ಜಗಳದಲ್ಲಿ ಯಾರೂ ತಕರಾರು ತೆಗೆಯದ ವಿಷಯ ಊಟ. ನಮ್ಮಲ್ಲಿ ಎಡವುವುದೂ ಅಲ್ಲೇ. ಕಾಮಾಲೆ ಎಂದ ಕೂಡಲೇ ಎಣ್ಣೆ ಬಂದ್, ಮೊಟ್ಟೆ ಬಂದ್, ಬೇಳೆ ಬಂದ್. ಗಂಜಿ, ಮಜ್ಜಿಗೆ ಅನ್ನ, ಕಬ್ಬಿನ ಹಾಲು. ಕುಡಿತದಿಂದ ಮೊದಲೇ ಮೂಳೆ ಚಕ್ಕಳವಾದವರಿಗೆ ಇದು ಪಥ್ಯದ ಹೆಸರಿನ ಉಪವಾಸ.

ಮಾರ್ಗಸೂಚಿ ಹೇಳುವುದು ಇದಕ್ಕೆ ತದ್ವಿರುದ್ಧ. ಸೊರಗಿದ ಸಿರೋಸಿಸ್ ರೋಗಿಗೆ ದಿನಕ್ಕೆ ಕೆ.ಜಿ. ತೂಕಕ್ಕೆ ಸುಮಾರು 35 ಕ್ಯಾಲೊರಿ, 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 60 ಕೆ.ಜಿ.ಯವರಿಗೆ 2,100 ಕ್ಯಾಲೊರಿ, 72ರಿಂದ 90 ಗ್ರಾಂ ಪ್ರೋಟೀನ್. ಒಂದು ಮೊಟ್ಟೆಯಲ್ಲಿ ಪ್ರೋಟೀನ್ ಇರುವುದೇ 6 ಗ್ರಾಂ ಆಸುಪಾಸು. ಗಂಜಿಯಲ್ಲಿ ಈ ಲೆಕ್ಕ ತುಂಬುವ ಮಾತೇ ಇಲ್ಲ. ಬೆಲ್ಜಿಯಂ, ಫ್ರಾನ್ಸ್‌ನ ತೀವ್ರ ಆಲ್ಕೋಹಾಲ್ ಹೆಪಟೈಟಿಸ್ ರೋಗಿಗಳ ಅಧ್ಯಯನದಲ್ಲಿ, ಕೆ.ಜಿ.ಗೆ 21.5 ಕ್ಯಾಲೊರಿಗಿಂತ ಕಡಿಮೆ ತಿಂದವರಲ್ಲಿ ಆರು ತಿಂಗಳಲ್ಲಿ ಸುಮಾರು 66% ಸತ್ತರು. ಅದಕ್ಕಿಂತ ಹೆಚ್ಚು ತಿಂದವರಲ್ಲಿ 33%. ಹೆಚ್ಚು ಕಾಯಿಲೆ ಇದ್ದವರು ಕಡಿಮೆ ತಿಂದಿರಬಹುದು ಎಂಬ ಅನುಮಾನ ಇದ್ದೇ ಇದೆ. ಆದರೂ ಊಟ ಬಿಡಿಸಿ ಎಂದು ಹೇಳುವ ಯಾವ ಸಾಕ್ಷಿಯೂ ಇಲ್ಲ.

ರಾತ್ರಿ ಮಲಗುವ ಮುಂಚೆ ಏನಾದರೂ ತಿನ್ನುವುದೂ ಚಿಕಿತ್ಸೆಯ ಭಾಗ. ಸೋತ ಲಿವರಿನಲ್ಲಿ ಸಕ್ಕರೆಯ ದಾಸ್ತಾನು ಇರುವುದಿಲ್ಲ. ಒಂದು ರಾತ್ರಿಯ ಉಪವಾಸಕ್ಕೇ ಮೈ ತನ್ನ ಮಾಂಸಖಂಡ ಕರಗಿಸಿಕೊಳ್ಳುತ್ತದೆ. ಖನಿಜಗಳೂ ಹೀಗೆಯೇ ಊಟದಲ್ಲಿ ಬರಲಿ: ಮೊಟ್ಟೆ, ಮಾಂಸ, ಕಡಲೆಕಾಯಿ, ಎಳ್ಳು, ಹುರುಳಿ, ಕುಂಬಳಬೀಜ. ರಾಗಿಯಲ್ಲಿ ಖನಿಜ ಇದೆ, ಅದನ್ನು ಕಟ್ಟಿಹಾಕುವ ಫೈಟೇಟ್ ಕೂಡ ಇದೆ. ಮೊಳಕೆ ಬರಿಸಿದಾಗ, ಅಂಬಲಿ ಹುಳಿ ಬಂದಾಗ ಆ ಕಟ್ಟು ಸಡಿಲವಾಗುತ್ತದೆ. ಮೊಸರು, ಮಜ್ಜಿಗೆ ಒಳ್ಳೆಯದೇ. ಆದರೆ ಪ್ರೊಬಯಾಟಿಕ್ ಪರೀಕ್ಷೆಗಳಲ್ಲಿ ಬಳಸಿದ ನಿರ್ದಿಷ್ಟ ತಳಿ, ಪ್ರಮಾಣ ನಿಮ್ಮ ಮೊಸರಿನಲ್ಲೋ ಅಂಗಡಿಯ ಪುಡಿಯಲ್ಲೋ ಇದೆ ಎಂದುಕೊಳ್ಳುವಂತಿಲ್ಲ.

ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಉಪ್ಪು ದಿನಕ್ಕೆ 4.6ರಿಂದ 6.9 ಗ್ರಾಂ ಮಿತಿಯಲ್ಲಿರಬೇಕು, ಸುಮಾರು ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಿಟ್ಟರೆ ಇದು ಸಾಧ್ಯ. ಪೂರ್ತಿ ಸಪ್ಪೆ ಮಾಡಿದರೆ ರೋಗಿ ಊಟವನ್ನೇ ತಳ್ಳುತ್ತಾರೆ. ಸ್ಪೈರನೊಲ್ಯಾಕ್ಟೋನ್ ಎಂಬ ಮೂತ್ರದ ಮಾತ್ರೆ ತಗೊಳ್ಳುವವರು ಇನ್ನೊಂದು ನೋಡಿಕೊಳ್ಳಬೇಕು. ಆ ಮಾತ್ರೆ ಪೊಟ್ಯಾಸಿಯಂ ಅನ್ನು ಮೈಯಲ್ಲೇ ಉಳಿಸುತ್ತದೆ. 'ಲೋ ಸೋಡಿಯಂ' ಉಪ್ಪಿನಲ್ಲಿ ಸೋಡಿಯಂ ಜಾಗದಲ್ಲಿರುವುದು ಪೊಟ್ಯಾಸಿಯಂ. ಎಳನೀರಿನ ತುಂಬ ಪೊಟ್ಯಾಸಿಯಂ. ತಂಪೆಂದು ದಿನಕ್ಕೆ ಮೂರು ಎಳನೀರು ಕುಡಿಸಿದರೆ ಹೃದಯದ ಬಡಿತವೇ ತಪ್ಪಬಹುದು.

ಮುಂದೇನಾಗಬಹುದು

ಜಿಂಕ್ ಪರೀಕ್ಷೆ ಸೋತಿತು ಎಂದು ಜಿಂಕ್ ಮಾರಾಟ ನಿಲ್ಲುವುದಿಲ್ಲ. ಕರುಳಿನ ಹೆಸರಿನಲ್ಲಿ ಇನ್ನೂ ಹೊಸ ಪುಡಿ, ದ್ರವ ಬರುತ್ತವೆ. 2017ರಲ್ಲಿ ಪ್ರಕಟವಾದ, ದೇಶದ 11 ಆಸ್ಪತ್ರೆಗಳ ಅಧ್ಯಯನದಲ್ಲಿ ಸಿರೋಸಿಸ್ ರೋಗಿಗಳ ಪೈಕಿ ಮೂರರಲ್ಲಿ ಒಬ್ಬರಿಗೆ ಕಾರಣ ಕುಡಿತವೇ ಆಗಿತ್ತು. ಅಷ್ಟು ದೊಡ್ಡ ಗಿರಾಕಿ ಬಳಗ ಅದು. ಸಂಶೋಧನೆ ಮುಂದೆ ಹೋಗುವ ದಿಕ್ಕು ಬೇರೆ ಇದೆ. ಎಲ್ಲರಿಗೂ ಒಂದೇ ಮಾತ್ರೆ ಎನ್ನುವುದನ್ನು ಬಿಟ್ಟು, ಯಾರ ಕರುಳಿನಲ್ಲಿ ಯಾವ ತಳಿ ಇದೆ, ಯಾರ ಮೈಯಲ್ಲಿ ಯಾವ ಖನಿಜ ಖಾಲಿ ಎಂದು ನೋಡಿ ಕೊಡುವ ಕಡೆಗೆ. ಶ್ನಾಬ್ಲ್ ತಂಡ ಆ ವಿಷದ ತಳಿಯನ್ನಷ್ಟೇ ಕೊಲ್ಲುವ ವೈರಸ್‌ಗಳನ್ನು ಇಲಿಗಳಲ್ಲಿ ಬಳಸಿ ಲಿವರ್ ಹಾನಿ ತಗ್ಗಿಸಿದೆ. ಅದು ನಮ್ಮ ಜಿಲ್ಲಾಸ್ಪತ್ರೆ ತಲುಪಲು ಬಹಳ ಕಾಲ ಬೇಕು.

ಅಲ್ಲಿಯವರೆಗೆ ಕರುಳಿನ ಸೋರಿಕೆ ನಿಲ್ಲಿಸಲು ಕೈಯಲ್ಲಿರುವುದು ಕುಡಿತ ಬಿಡುವುದು. ಬೆಲ್ಜಿಯಂನಲ್ಲಿ ಕುಡಿತ ಬಿಡಲು ದಾಖಲಾದವರನ್ನು ಗಮನಿಸಿದಾಗ ಸುಮಾರು ಮೂರು ವಾರದಲ್ಲಿ ಕರುಳಿನ ಸೋರಿಕೆ ಬಹುಮಟ್ಟಿಗೆ ತಗ್ಗಿತ್ತು. ದಿನಾ ಕುಡಿಯುವವರು ಮನೆಯಲ್ಲಿ ದಿಢೀರ್ ನಿಲ್ಲಿಸುವುದು ಮಾತ್ರ ಅಪಾಯ. ಎರಡು ಮೂರು ದಿನದಲ್ಲಿ ಕೈನಡುಕ, ಫಿಟ್ಸ್, ಭ್ರಮೆ ಬರಬಹುದು. ಆಗ ಥಯಾಮಿನ್ (ವಿಟಮಿನ್ ಬಿ1), ಮೆಗ್ನೀಸಿಯಂ ಕೊರತೆ ನೋಡಿಕೊಂಡು ವೈದ್ಯರ ಕಣ್ಣೆದುರಲ್ಲೇ ಬಿಡಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ಕೇಂದ್ರ ಇದೆ.

ಲಿವರ್ ವಾರ್ಡಿನಿಂದ ಮನೆಗೆ ಹೋಗುವವರ ಡಿಸ್ಚಾರ್ಜ್ ಚೀಟಿಯಲ್ಲಿ ಮೂತ್ರದ ಮಾತ್ರೆ, ಗ್ಯಾಸ್ ಮಾತ್ರೆ, ಮಲ್ಟಿವಿಟಮಿನ್ ಎಲ್ಲ ಬರೆದು, ಕೊನೆಗೆ 'ಮದ್ಯಪಾನ ಮಾಡಬಾರದು' ಎಂದು ಒಂದು ಸಾಲು ಇರುತ್ತದೆ. ಆ ಸಾಲಿಗೂ ಮಾತ್ರೆ ಉಂಟು. ಇಟಲಿಯಲ್ಲಿ ಸಿರೋಸಿಸ್ ಆದ 84 ಜನರ ಮೇಲೆ ಬ್ಯಾಕ್ಲೊಫೆನ್ ಪರೀಕ್ಷಿಸಿ 2007ರಲ್ಲಿ 'ಲ್ಯಾನ್ಸೆಟ್'ನಲ್ಲಿ ವರದಿ ಮಾಡಿದರು. ಮಾತ್ರೆ ಪಡೆದ 42 ಜನರಲ್ಲಿ 30 ಜನ ಕುಡಿತ ಬಿಟ್ಟು ಹಾಗೇ ಉಳಿದರು, ಸುಳ್ಳು ಮಾತ್ರೆ ಪಡೆದ 42ರಲ್ಲಿ 12 ಜನ. ಮಂಪರು ಇರುವವರಿಗೆ ಅದು ಆಗಿಬರುವುದಿಲ್ಲ, ಅದಕ್ಕೇ ವೈದ್ಯರನ್ನು ಕೇಳಿಯೇ ಶುರುಮಾಡಬೇಕು. ಮೆಡಿಕಲ್ ಶಾಪಿನಲ್ಲಿ ಲಿವರ್ ಟಾನಿಕ್ ಕೇಳುವಷ್ಟು ಜನ, ವೈದ್ಯರ ಹತ್ತಿರ ಇದನ್ನು ಕೇಳುವುದಿಲ್ಲ.